ಗಡಿಯಲ್ಲಿ ಒಗ್ಗಟ್ಟು, ಹೊಲದಲ್ಲಿ ಜಗಳ

ಒಂದು ಚಳವಳಿಯ ಒಗ್ಗಟ್ಟನ್ನು ಅರಿಯಬೇಕಾದರೆ ಅದರ ಸಮ್ಮೇಳನಗಳ ಭಾಷಣ ಕೇಳಿ ಪ್ರಯೋಜನವಿಲ್ಲ. ಅದು ಮಾಡಿಸಿದ ಕಾನೂನು ಯಾರ ಬಾಗಿಲು ಬಡಿಯುತ್ತದೆ, ಯಾರ ಬಾಗಿಲನ್ನು ಕಂಡೂ ಕಾಣದಂತೆ ದಾಟಿಹೋಗುತ್ತದೆ ಎಂಬುದನ್ನು ನೋಡಬೇಕು. ಅಮೆರಿಕದ ಕನ್ಸರ್ವೇಟಿವ್ ಚಳವಳಿ ಮತ್ತು ಅಲ್ಲಿಯ ವಲಸೆ ಕಾನೂನುಗಳ ಕತೆಯನ್ನು ಹಲವು ವರ್ಷಗಳಿಂದ ಓದುತ್ತ ಬಂದಿರುವ ನನಗೆ ಈ ಮಾತು ದಿನದಿನಕ್ಕೂ ಗಟ್ಟಿಯಾಗುತ್ತಿದೆ.

ಕನ್ಸರ್ವೇಟಿವ್ ಎಂಬುದನ್ನು ‘ಸಂಪ್ರದಾಯವಾದಿ’ ಎಂದು ಕನ್ನಡಿಸುವುದು ನಮ್ಮ ರೂಢಿ. ಆ ಮಾತು ಕಿವಿಗೆ ಬಿದ್ದೊಡನೆ ನಮಗೆ ಮಡಿ, ಮೈಲಿಗೆ, ಮಠಗಳ ನೆನಪಾಗುತ್ತದೆ. ಅಮೆರಿಕದಲ್ಲಿ ಅದರ ವ್ಯಾಪ್ತಿ ಬೇರೆ. ವಿಲಿಯಂ ಬಕ್ಲಿ 1955ರಲ್ಲಿ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯನ್ನು ಆರಂಭಿಸಿದಾಗ ಆತನ ಸುತ್ತ ನೆರೆದವರು ಮೂರು ಬಗೆಯ ಜನ. ಸರ್ಕಾರ ವ್ಯಾಪಾರದಲ್ಲಿ ತಲೆಹಾಕಬಾರದು ಎನ್ನುವವರು ಒಂದು ಕಡೆ. ಧರ್ಮ, ಕುಟುಂಬ, ಹಿರಿಯರ ನಡವಳಿಕೆ ಉಳಿಯಬೇಕು ಎನ್ನುವವರು ಇನ್ನೊಂದು ಕಡೆ. ಸೋವಿಯತ್ ರಷ್ಯವನ್ನು ಮಣಿಸುವುದೇ ಮೊದಲ ಕೆಲಸ ಎನ್ನುವವರು ಮತ್ತೊಂದು ಕಡೆ. ಇವರೆಲ್ಲ ಒಂದೇ ಮನೆಯಲ್ಲಿ ಬಾಳಬಹುದು ಎಂದು ಅದೇ ಪತ್ರಿಕೆಯ ಫ್ರಾಂಕ್ ಮೇಯರ್ ಎಂಬ ಲೇಖಕ ವಾದಿಸಿದ. ಸಮಾನ ಶತ್ರು ಇರುವ ತನಕ ಆ ಒಟ್ಟುಕುಟುಂಬ ನಡೆಯಿತು. 1980ರಲ್ಲಿ ರೊನಾಲ್ಡ್ ರೇಗನ್ ಗೆದ್ದದ್ದು ಆ ಕುಟುಂಬದ ಹಬ್ಬ.

ವಲಸೆಯ ಪ್ರಶ್ನೆ ಬಂದಾಗ ಮಾತ್ರ ಮೂವರ ಮುಖವೂ ಮೂರು ದಿಕ್ಕಿಗೆ ತಿರುಗುತ್ತದೆ. ಸರಕು ಗಡಿ ದಾಟುವಂತೆ ಕೂಲಿಯೂ ದಾಟಲಿ ಎಂಬುದು ವ್ಯಾಪಾರಸ್ಥರ ತರ್ಕ. ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ 1984ರ ಜುಲೈಯಲ್ಲಿ, ಗಡಿಗಳು ತೆರೆದಿರಬೇಕೆಂದು ಸಂವಿಧಾನಕ್ಕೇ ತಿದ್ದುಪಡಿ ತರುವಂತೆ ಸಂಪಾದಕೀಯ ಬರೆದಿತ್ತು. ಕಾನೂನಿದ್ದ ಮೇಲೆ ಅದು ಜಾರಿಯಾಗಬೇಕು, ನಾಡಿಗೊಂದು ಚಹರೆ ಇರಬೇಕು ಎಂಬುದು ರಾಷ್ಟ್ರವಾದಿಗಳ ಪಟ್ಟು. ಧರ್ಮದ ಕಡೆಯವರು ಕಾನೂನನ್ನೂ ಬಿಡಲಾರರು, ಪರದೇಶಿಯನ್ನು ಆದರಿಸು ಎಂಬ ಬೈಬಲ್ಲಿನ ಉಪದೇಶವನ್ನೂ ಬಿಡಲಾರರು. ಮೂವರೂ ಸೇರಿ ಒಂದು ಕಾನೂನು ಮಾಡಬೇಕಾದಾಗ ಏನಾಗುತ್ತದೆ? ಚರಿತ್ರೆ ಕೊಡುವ ಉತ್ತರ ಒಂದೇ: ಕಾನೂನನ್ನು ಬಿಗಿ ಮಾಡುತ್ತಾರೆ, ಆದರೆ ಕೆಲಸ ಕೊಡುವವನ ಕಡೆಗೆ ಒಂದು ಕಿಂಡಿ ಬಿಡುತ್ತಾರೆ.

ಆ ಕಿಂಡಿ ಹಳೆಯದು. 1952ರಲ್ಲಿ, ಕಾನೂನು ಮೀರಿ ಬಂದವರಿಗೆ ಆಶ್ರಯ ಕೊಡುವುದನ್ನು ಅಪರಾಧವೆಂದು ಸಾರಿದ ಅಮೆರಿಕದ ಕಾಂಗ್ರೆಸ್ಸು, ಅವರಿಗೆ ಕೆಲಸ ಕೊಡುವುದು ಆಶ್ರಯ ಕೊಟ್ಟಂತಲ್ಲ ಎಂಬ ವಾಕ್ಯವನ್ನೂ ಜೊತೆಗೆ ಸೇರಿಸಿತು. ಟೆಕ್ಸಾಸಿನ ಜಮೀನುದಾರರ ಅನುಕೂಲಕ್ಕೆ ಹುಟ್ಟಿದ ಈ ವಾಕ್ಯಕ್ಕೆ ‘ಟೆಕ್ಸಾಸ್ ವಿನಾಯಿತಿ’ ಎಂದೇ ಹೆಸರಾಯಿತು. ಓಡಿಬಂದವನು ಅಪರಾಧಿ, ಅವನ ಬೆವರು ಮಾತ್ರ ಕಾನೂನುಬದ್ಧ! ಮೂವತ್ತನಾಲ್ಕು ವರ್ಷ ಈ ವಿಚಿತ್ರ ನಡೆಯಿತು.

1986ರ ನವೆಂಬರ್ 6ರಂದು ರೇಗನ್ ರುಜು ಹಾಕಿದ ಕಾಯಿದೆ ಇದನ್ನು ಸರಿಪಡಿಸುವೆನೆಂದಿತು. ವಯೋಮಿಂಗಿನ ರಿಪಬ್ಲಿಕನ್ ಸೆನೆಟರ್ ಆಲನ್ ಸಿಂಪ್ಸನ್ ಮತ್ತು ಕೆಂಟಕಿಯ ಡೆಮಾಕ್ರಟಿಕ್ ಸದಸ್ಯ ರೊಮಾನೊ ಮಜ್ಜೋಲಿ ವರ್ಷಗಟ್ಟಲೆ ಹೆಣಗಿ ತಂದ ಕಾಯಿದೆ ಅದು. ಒಳಗಿದ್ದವರಲ್ಲಿ ಸುಮಾರು 27 ಲಕ್ಷ ಜನರಿಗೆ ಅದರಿಂದ ಕಾನೂನಿನ ನೆಲೆ ಸಿಕ್ಕಿತು. ಇನ್ನು ಮುಂದೆ ಕಾಗದಪತ್ರವಿಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ ದಂಡ ಎಂದಾಯಿತು. ಆದರೆ ‘ಗೊತ್ತಿದ್ದೂ’ ಇಟ್ಟುಕೊಂಡಿದ್ದರೆ ಮಾತ್ರ ತಪ್ಪು. ಕೆಲಸಗಾರ ತೋರಿಸಿದ ಕಾಗದ ಮೇಲ್ನೋಟಕ್ಕೆ ಸಾಚಾ ಆಗಿ ಕಂಡರೆ ಸಾಕು, ಅದರ ಮೂಲ ಕೆದಕುವ ಹೊಣೆ ಮಾಲೀಕನದಲ್ಲ. ನಕಲಿ ಕಾಗದದ ವ್ಯಾಪಾರ ಬೆಳೆಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕ್ಷಮಾದಾನ ಕೂಡಲೇ ಸಿಕ್ಕಿತು, ಜಾರಿ ಬರಲೇ ಇಲ್ಲ ಎಂಬ ಕಹಿ ಕಾನೂನುನಿಷ್ಠರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮುಂದಿನ ಮೂವತ್ತು ವರ್ಷಗಳ ಜಗಳವನ್ನು ಅರಿಯಲು ಈ ಕಹಿಯನ್ನು ಅರಿಯಬೇಕು. ಅದನ್ನು ಬರಿಯ ದ್ವೇಷವೆಂದು ತಳ್ಳಿಹಾಕುವವರು ಇತಿಹಾಸವನ್ನು ಅರ್ಧ ಓದಿದವರು.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಸಮಾನ ಶತ್ರುವೂ ಇಲ್ಲವಾದ. ಮರುವರ್ಷವೇ ಪ್ಯಾಟ್ ಬುಕಾನನ್ ತನ್ನದೇ ಪಕ್ಷದ ಅಧ್ಯಕ್ಷ ಜಾರ್ಜ್ ಬುಷ್‌ಗೆ ಎದುರಾಗಿ ನಿಂತು, ವಲಸೆಯನ್ನು ಚುನಾವಣೆಯ ಮಾತಾಗಿಸಿದ. ಅದೇ ವರ್ಷ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯಲ್ಲಿ ಪೀಟರ್ ಬ್ರಿಮೆಲೊ ಎಂಬಾತ ವಲಸೆಯ ನೀತಿಯನ್ನೇ ಮರುಚಿಂತಿಸಬೇಕೆಂದು ದೀರ್ಘ ಲೇಖನ ಬರೆದ. ಬರೆದಾತನೇ ಇಂಗ್ಲೆಂಡಿನಿಂದ ವಲಸೆ ಬಂದವನೆಂಬುದು ಬೇರೆ ಮಾತು. 1994ರಲ್ಲಿ ಕ್ಯಾಲಿಫೋರ್ನಿಯದ ಮತದಾರರು, ಕಾಗದವಿಲ್ಲದವರ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲನ್ನೂ ಮುಚ್ಚುವ ‘187ನೇ ಪ್ರಸ್ತಾಪ’ವನ್ನು ನೂರಕ್ಕೆ ಸುಮಾರು 59ರ ಬಹುಮತದಿಂದ ಒಪ್ಪಿದರು. ರಿಪಬ್ಲಿಕನ್ ಗವರ್ನರ್ ಪೀಟ್ ವಿಲ್ಸನ್ ಅದರ ಬೆನ್ನಿಗಿದ್ದ. ಅದೇ ಪಕ್ಷದ ಜ್ಯಾಕ್ ಕೆಂಪ್ ಮತ್ತು ವಿಲಿಯಂ ಬೆನೆಟ್ ಬಹಿರಂಗವಾಗಿ ವಿರೋಧಿಸಿ ತಮ್ಮವರಿಂದಲೇ ಬೈಸಿಕೊಂಡರು. ಪ್ರಸ್ತಾಪವನ್ನು ಫೆಡರಲ್ ನ್ಯಾಯಾಲಯ ತಡೆಯಿತು, ಆದರೆ ಬಿರುಕು ಎಲ್ಲರಿಗೂ ಕಂಡಿತು.

1996ರಲ್ಲಿ ರಿಪಬ್ಲಿಕನ್ ಬಹುಮತದ ಕಾಂಗ್ರೆಸ್ಸು ಇನ್ನೂ ಬಿಗಿಯಾದ ಕಾಯಿದೆ ತಂದಿತು. ಗಡೀಪಾರು ಸುಲಭವಾಯಿತು, ಸ್ಥಳೀಯ ಪೊಲೀಸರಿಗೂ ವಲಸೆಯ ಕೆಲಸ ಒಪ್ಪಿಸಲು ದಾರಿಯಾಯಿತು. ಅದಾದ ಎರಡು ವರ್ಷಕ್ಕೆ, 1998ರ ಮೇ ತಿಂಗಳಲ್ಲಿ, ವಲಸೆ ಇಲಾಖೆಯವರು ಜಾರ್ಜಿಯಾ ರಾಜ್ಯದ ವಿಡೇಲಿಯಾ ಈರುಳ್ಳಿ ಹೊಲಗಳಿಗೆ ನುಗ್ಗಿದರು. ಕೊಯ್ಲಿನ ಕಾಲ. ಕೂಲಿಗಳು ದಿಕ್ಕಾಪಾಲಾಗಿ ಓಡಿದರು, ಈರುಳ್ಳಿ ಹೊಲದಲ್ಲೇ ಉಳಿಯಿತು. ಆಗ ಆ ರಾಜ್ಯದ ಇಬ್ಬರು ಸೆನೆಟರುಗಳು, ಒಬ್ಬ ರಿಪಬ್ಲಿಕನ್ ಮತ್ತೊಬ್ಬ ಡೆಮಾಕ್ರಟ್, ಮೂವರು ಪ್ರತಿನಿಧಿಗಳೊಡನೆ ಸೇರಿ ರೈತರ ಕಷ್ಟ ಅರಿಯದ ದಾಳಿ ಇದೆಂದು ಅಟಾರ್ನಿ ಜನರಲ್‌ಗೆ ದೂರು ಬರೆದರು. ದಾಳಿ ನಿಂತಿತು. ಈ ಪ್ರಸಂಗವನ್ನು ಓದಿದ ಮೇಲೆ ನನಗೆ ಅಮೆರಿಕದ ವಲಸೆ ರಾಜಕೀಯದ ಬೀಗದ ಕೈ ಸಿಕ್ಕಂತಾಯಿತು.

ಅಂಕಿಗಳೂ ಇದನ್ನೇ ಹೇಳುತ್ತವೆ. 1993ರಲ್ಲಿ ನಾಲ್ಕು ಸಾವಿರದಷ್ಟಿದ್ದ ಗಡಿ ಕಾವಲುಗಾರರ ಸಂಖ್ಯೆ 2009ರ ಹೊತ್ತಿಗೆ ಇಪ್ಪತ್ತು ಸಾವಿರ ಮುಟ್ಟಿತು. ಅದೇ ಅವಧಿಯ ನಡುವೆ, 1999ರಲ್ಲಿ ಮಾಲೀಕರಿಗೆ ಹೋದ ದಂಡದ ನೋಟೀಸುಗಳು 417. 2004ರಲ್ಲಿ ಬರೇ ಮೂರು. ಗಡಿಗೆ ಕಾವಲಿಟ್ಟರೆ ಪಕ್ಷದಲ್ಲಿ ಯಾರಿಗೂ ನಷ್ಟವಿಲ್ಲ, ಆದ್ದರಿಂದ ಅಲ್ಲಿ ಒಗ್ಗಟ್ಟು. ಕಾರ್ಖಾನೆಗೆ, ಹೊಲಕ್ಕೆ ಹೋದರೆ ಚಂದಾ ಕೊಡುವವರ ಮೈಗೆ ತಾಗುತ್ತದೆ, ಆದ್ದರಿಂದ ಅಲ್ಲಿ ಜಗಳ. ಡಗ್ಲಾಸ್ ಮ್ಯಾಸಿ ಎಂಬ ಸಮಾಜಶಾಸ್ತ್ರಜ್ಞರು ಇದರ ಇನ್ನೊಂದು ಫಲವನ್ನು ತೋರಿಸಿದ್ದಾರೆ. ಸುಗ್ಗಿಗೆ ಬಂದು ಸುಗ್ಗಿ ಮುಗಿದ ಮೇಲೆ ಮೆಕ್ಸಿಕೊಗೆ ಮರಳುತ್ತಿದ್ದವರು, ಮತ್ತೆ ದಾಟುವುದು ಕಷ್ಟವಾದಾಗ ಹಿಂದಿರುಗುವುದನ್ನೇ ಬಿಟ್ಟು ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಅಲ್ಲೇ ನೆಲೆಸಿದರು. ಹೊರಗಿನವರನ್ನು ತಡೆಯಲೆಂದು ಹಾಕಿದ ಬೇಲಿ, ಒಳಗಿದ್ದವರನ್ನು ಒಳಗೇ ಕೂಡಿಹಾಕಿತು.

ಕಿರಿಯ ಬುಷ್ 2004ರಲ್ಲಿ ತಾತ್ಕಾಲಿಕ ಕೆಲಸಗಾರರ ಯೋಜನೆಯೊಂದನ್ನು ಮುಂದಿಟ್ಟ. ಅವನದೇ ಪಕ್ಷದ ಪ್ರತಿನಿಧಿ ಸಭೆ 2005ರ ಡಿಸೆಂಬರಿನಲ್ಲಿ, ಕಾಗದವಿಲ್ಲದೆ ಇರುವುದನ್ನೇ ಘೋರ ಅಪರಾಧವಾಗಿಸುವ ಮಸೂದೆಯನ್ನು 239–182 ಮತಗಳಿಂದ ಒಪ್ಪಿತು. ನೆರವಾದವರೂ ಅಪರಾಧಿಗಳಾಗುವ ಭಯವಿದ್ದುದರಿಂದ ಕ್ಯಾಥೊಲಿಕ್ ಬಿಷಪ್ಪರು ಎದುರಾದರು. 2007ರ ಜೂನ್ 28ರಂದು ಬುಷ್‌ನ ರಾಜಿ ಮಸೂದೆ ಸೆನೆಟ್ಟಿನಲ್ಲಿ 46–53ರಿಂದ ಬಿದ್ದುಹೋಯಿತು. ರೇಡಿಯೋ ಭಾಷಣಕಾರರು ಎಬ್ಬಿಸಿದ ಗುಲ್ಲಿಗೆ ಅಧ್ಯಕ್ಷನ ಮಾತು ಕೇಳಿಸಲಿಲ್ಲ. 2013ರಲ್ಲಿ ಇನ್ನೊಂದು ರಾಜಿ ಮಸೂದೆ 14 ರಿಪಬ್ಲಿಕನ್ನರ ಬೆಂಬಲದೊಡನೆ ಸೆನೆಟ್ಟನ್ನು 68–32ರಿಂದ ದಾಟಿತು. ಪ್ರತಿನಿಧಿ ಸಭೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಮರುವರ್ಷ ಆ ಸಭೆಯ ರಿಪಬ್ಲಿಕನ್ ನಾಯಕ ಎರಿಕ್ ಕ್ಯಾಂಟರ್, ವಲಸೆಯ ವಿಷಯದಲ್ಲಿ ಮೆದುವಾದನೆಂಬ ಆಪಾದನೆ ಹೊತ್ತು, ಡೇವ್ ಬ್ರ್ಯಾಟ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕನೆದುರು ಪಕ್ಷದೊಳಗಿನ ಚುನಾವಣೆಯಲ್ಲೇ ಸೋತ. ರಾಜಿ ಮಾಡಿಕೊಂಡವನಿಗೆ ಉಳಿಗಾಲವಿಲ್ಲ ಎಂಬ ಪಾಠವನ್ನು ಉಳಿದವರು ಕಲಿತರು.

ಈ ಕಲಹದಲ್ಲಿ ರಾಜ್ಯಗಳ ಹಕ್ಕಿನ ಸಿದ್ಧಾಂತ ಪಟ್ಟ ಪಾಡು ಸ್ವಾರಸ್ಯಕರ. ಬಂದೂಕು ಕಾಯಿದೆಯ ವಿರುದ್ಧ ಮೊಂಟಾನಾ ಮತ್ತು ಅರಿಜೋನಾದ ಇಬ್ಬರು ಶೆರಿಫರು ಹೂಡಿದ್ದ ದಾವೆಯಲ್ಲಿ ನ್ಯಾಯಮೂರ್ತಿ ಸ್ಕಲಿಯಾ 1997ರಲ್ಲಿ ಬರೆದ ತೀರ್ಪು, ಫೆಡರಲ್ ಸರ್ಕಾರ ಸ್ಥಳೀಯ ಅಧಿಕಾರಿಗಳನ್ನು ತನ್ನ ಆಳುಗಳಂತೆ ದುಡಿಸಿಕೊಳ್ಳಲಾಗದು ಎಂದಿತು. ಕನ್ಸರ್ವೇಟಿವ್‌ಗಳು ಹಿಗ್ಗಿದರು. ಇಪ್ಪತ್ತು ವರ್ಷಗಳ ಮೇಲೆ, ವಲಸಿಗರನ್ನು ಹಿಡಿದುಕೊಡಲು ಒಲ್ಲದ ನಗರಗಳು ಅದೇ ತೀರ್ಪನ್ನು ಗುರಾಣಿಯಾಗಿ ಹಿಡಿದಾಗ ಆ ಹಿಗ್ಗು ಇಂಗಿತು. 2011ರಲ್ಲಿ, ಕಾಗದವಿಲ್ಲದವರನ್ನು ಇಟ್ಟುಕೊಂಡ ಮಾಲೀಕರ ಪರವಾನಗಿ ಕಸಿಯುವ ಅರಿಜೋನಾದ ಕಾಯಿದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು ವ್ಯಾಪಾರಸ್ಥರ ಸಂಘವಾದ ಚೇಂಬರ್ ಆಫ್ ಕಾಮರ್ಸ್. ಅದನ್ನು ಸೋಲಿಸಿ 5–3ರ ತೀರ್ಪು ಬರೆದಾತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್. ಮರುವರ್ಷ ಅರಿಜೋನಾದ್ದೇ ಇನ್ನೊಂದು ಕಾಯಿದೆಯ ಬಹುಭಾಗವನ್ನು ಕೋರ್ಟು ತಳ್ಳಿಹಾಕಿದಾಗ ರಾಬರ್ಟ್ಸ್ ಒಂದು ಕಡೆ, ಸ್ಕಲಿಯಾ ಇನ್ನೊಂದು ಕಡೆ.

2018ರಲ್ಲಿ ಗಡಿಯಲ್ಲೇ ಒಗ್ಗಟ್ಟು ಒಡೆದ ಅಪರೂಪದ ಸಂದರ್ಭವೂ ಬಂತು. ಟ್ರಂಪ್ ಸರ್ಕಾರ ತಂದೆತಾಯಿಯರಿಂದ ಮಕ್ಕಳನ್ನು ಬೇರ್ಪಡಿಸತೊಡಗಿದಾಗ ಮಾಜಿ ಅಧ್ಯಕ್ಷನ ಮಡದಿ ಲಾರಾ ಬುಷ್ ಅದನ್ನು ಖಂಡಿಸಿ ಬರೆದರು. ಟ್ರಂಪ್‌ನ ಬೆಂಬಲಿಗನೇ ಆದ ಪಾದ್ರಿ ಫ್ರಾಂಕ್ಲಿನ್ ಗ್ರಹಾಂ ಕೂಡ ನಾಚಿಕೆಗೇಡು ಎಂದ. ಜೂನ್ 20ರಂದು ಆಜ್ಞೆ ಹಿಂದಕ್ಕೆ ಸರಿಯಿತು. ಮಕ್ಕಳ ಅಳುವಿಗೆ ಕಿವಿಗೊಡುವಷ್ಟು ಧರ್ಮ ಆ ಚಳವಳಿಯಲ್ಲಿ ಆಗ ಉಳಿದಿತ್ತು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ನಮಗೇಕೆ ಎಂದು ಓದುಗರು ಕೇಳಬಹುದು. ನನ್ನ ತಂಗಿಯ ಮಗ ಎಚ್-1ಬಿ ವೀಸಾದ ಮೇಲೆ ಟೆಕ್ಸಾಸಿನಲ್ಲಿ ಇದ್ದಾನೆ. ಯಾವ ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯಿಂದಾಗಿ ಹತ್ತು ವರ್ಷಕ್ಕೂ ಮೀರಿ ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತಿದ್ದಾನೆ. ಫೋನಿನಲ್ಲಿ ಈ ಮಾತು ಬಂದಾಗಲೆಲ್ಲ, “ಮಾವ, ಅವರು ಬೈಯುವುದು ಕದ್ದು ಬಂದವರನ್ನು. ನಾವು ಕಾನೂನು ಪ್ರಕಾರ ಬಂದವರು, ನಮಗೇನೂ ಇಲ್ಲ” ಎನ್ನುತ್ತಿದ್ದ. 2024ರ ಡಿಸೆಂಬರಿನಲ್ಲಿ ಚೆನ್ನೈ ಮೂಲದ ಶ್ರೀರಾಮ್ ಕೃಷ್ಣನ್ ಅವರನ್ನು ಟ್ರಂಪ್ ಸಲಹೆಗಾರರನ್ನಾಗಿ ಆರಿಸಿದಾಗ ಎಚ್-1ಬಿ ಬಗ್ಗೆಯೇ ಬೆಂಕಿ ಹೊತ್ತಿತು. ಎಲಾನ್ ಮಸ್ಕ್, ವಿವೇಕ್ ರಾಮಸ್ವಾಮಿ ಒಂದು ಕಡೆ. ಸ್ಟೀವ್ ಬ್ಯಾನನ್‌ನಂಥವರು ಇನ್ನೊಂದು ಕಡೆ. ಆ ವೀಸಾ ಪಡೆಯುವ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿ ಭಾರತೀಯರು. ಅವರಲ್ಲಿ ಬೆಂಗಳೂರು, ಮೈಸೂರಿನ ಮನೆಗಳ ಮಕ್ಕಳು ಕಡಿಮೆಯಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದ ಮೇಲೆ ಹುಡುಗ ಆ ಮಾತು ಆಡುವುದನ್ನು ನಿಲ್ಲಿಸಿದ್ದಾನೆ. ಈಚೆಗೆ ಊರಿನ ಮಳೆಯ ಬಗ್ಗೆ ಹೆಚ್ಚು ಕೇಳುತ್ತಾನೆ.

2025ರಲ್ಲಿ ಹಳೆಯ ನಾಟಕದ ಎರಡು ಅಂಕಗಳೂ ಒಟ್ಟಿಗೆ ನಡೆದವು. ಜುಲೈ 4ರಂದು ಟ್ರಂಪ್ ರುಜು ಹಾಕಿದ ಕಾಯಿದೆಯಲ್ಲಿ ವಲಸೆ ಜಾರಿ ಸಂಸ್ಥೆಗೆ ಸುಮಾರು 75 ಬಿಲಿಯನ್ ಡಾಲರ್, ಗಡಿಗೋಡೆಗೆ ಸುಮಾರು 46 ಬಿಲಿಯನ್. ಹಣದ ವಿಷಯದಲ್ಲಿ ಪಕ್ಷ ಹೆಚ್ಚುಕಡಿಮೆ ಒಂದಾಗಿಯೇ ನಿಂತಿತು. ಆದರೆ ಅದಕ್ಕೆ ಮೊದಲು, ಜೂನಿನಲ್ಲಿ, ರೈತರು ಮತ್ತು ಹೋಟೆಲಿನವರು ಮೊರೆಯಿಟ್ಟಾಗ ಹೊಲ, ಹೋಟೆಲುಗಳ ಮೇಲಿನ ದಾಳಿ ನಿಲ್ಲಿಸಲು ಸೂಚನೆ ಹೋಯಿತು. ಕಟ್ಟಾಳುಗಳು ಸಿಡಿದಾಗ ಕೆಲವೇ ದಿನಗಳಲ್ಲಿ ಆ ಸೂಚನೆ ರದ್ದಾಯಿತು. ಸೆಪ್ಟೆಂಬರ್ 4ರಂದು ಅದೇ ಜಾರ್ಜಿಯಾದಲ್ಲಿ, ಈ ಸಲ ಈರುಳ್ಳಿ ಹೊಲದ ಬದಲು ಹ್ಯುಂಡೈ ಕಂಪನಿಯವರ ಬ್ಯಾಟರಿ ಕಾರ್ಖಾನೆಯ ಆವರಣದಲ್ಲಿ, 475 ಜನರ ದಸ್ತಗಿರಿಯಾಯಿತು. ಮುನ್ನೂರಕ್ಕೂ ಹೆಚ್ಚು ಮಂದಿ ದಕ್ಷಿಣ ಕೊರಿಯದವರು. ಕಾರ್ಖಾನೆಯನ್ನು ರಾಜ್ಯಕ್ಕೆ ತಂದೆನೆಂದು ಹೆಮ್ಮೆಪಟ್ಟಿದ್ದ ಗವರ್ನರ್ ರಿಪಬ್ಲಿಕನ್, ದಾಳಿ ಮಾಡಿಸಿದ ಸರ್ಕಾರವೂ ರಿಪಬ್ಲಿಕನ್. ಪರಿಣತರನ್ನು ಕರೆಸಿಕೊಳ್ಳದೆ ಗತಿಯಿಲ್ಲ ಎಂದು ಆಮೇಲೆ ಟ್ರಂಪ್‌ನೇ ಹೇಳಬೇಕಾಯಿತು.

ದೇಶವೊಂದಕ್ಕೆ ತನ್ನ ಗಡಿಯನ್ನು ಕಾಯುವ ಹಕ್ಕಿಲ್ಲ ಎಂದು ನಾನು ಹೇಳಲಾರೆ. ವ್ಯಾಪಾರಸ್ಥ ತನಗೆ ಕೂಲಿ ಬೇಕು ಎನ್ನುವುದರಲ್ಲೂ ಮುಚ್ಚುಮರೆಯಿಲ್ಲ. ಎರಡನ್ನೂ ಒಂದೇ ಬಾವುಟದ ಕೆಳಗೆ ಉಳಿಸಿಕೊಳ್ಳಲು ಮಾಡಿದ ಒಪ್ಪಂದದ ಬೆಲೆ ಯಾರು ತೆತ್ತರು ಎಂಬುದೇ ನನ್ನ ಪ್ರಶ್ನೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದ ಹಾಗೆ, ಎಪ್ಪತ್ತು ವರ್ಷ ಆ ಒಗ್ಗಟ್ಟಿನ ಆಳವನ್ನು ನೋಡಿದ್ದು ಪರರ ಮಕ್ಕಳಿಂದ. ಕರೆದವನು ಒಬ್ಬ, ಹಿಡಿದವನು ಇನ್ನೊಬ್ಬ, ಇಬ್ಬರೂ ಚುನಾವಣೆಯ ದಿನ ಒಂದೇ ಚಿಹ್ನೆಗೆ ಮತ ಹಾಕಿದವರು. ನಡುವೆ ಈರುಳ್ಳಿ ಕೊಯ್ಯುವವನಿಗೆ ಆ ಮತಪೆಟ್ಟಿಗೆಯ ಹತ್ತಿರ ಸುಳಿಯುವ ಹಕ್ಕೂ ಇರಲಿಲ್ಲ.