ಟವರ್ ಸ್ಪೀಕರ್

ಸಂಗೀತ ಕೇಳುವ ಕೋಣೆಯಲ್ಲಿ ನೆಲದ ಮೇಲೆ ನೇರವಾಗಿ ನಿಲ್ಲಿಸುವ ಎತ್ತರದ ಧ್ವನಿವರ್ಧಕ ಪೆಟ್ಟಿಗೆ. ಸಾಮಾನ್ಯವಾಗಿ ಜೋಡಿಯಾಗಿ ಬಳಸುತ್ತಾರೆ. ತಗ್ಗಿನ ಸ್ವರಕ್ಕೆ ವೂಫರ್, ಮೇಲಿನದಕ್ಕೆ ಟ್ವೀಟರ್. ಯಾವ ಸ್ವರ ಯಾವುದಕ್ಕೆ ಎಂದು ಹಂಚಿಕೊಡುವ ಕ್ರಾಸ್‌ಓವರ್ ಒಳಗಿರುತ್ತದೆ.

ಇಂದಿನ ಸ್ಪೀಕರಿನ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಆಗ ತಗ್ಗಿನ ಸ್ವರ ಬೇಕೆಂದರೆ ದೊಡ್ಡ ಪೆಟ್ಟಿಗೆಯೇ ಗತಿ. 1946ರಲ್ಲಿ ಮಾರುಕಟ್ಟೆಗೆ ಬಂದ ಅಮೆರಿಕದ ಪಾಲ್ ಕ್ಲಿಪ್ಷ್ ಅವರ ಕಹಳೆಮಾದರಿಯ ಸ್ಪೀಕರ್ ಬೀರುವಿನಷ್ಟು ದೊಡ್ಡದು. ಅದನ್ನು ಮೂಲೆಯಲ್ಲಿಯೇ ಇಡಬೇಕಿತ್ತು, ಏಕೆಂದರೆ ಅಲ್ಲಿ ಕೂಡುವ ಎರಡು ಗೋಡೆಗಳೂ ಅದರ ಕಹಳೆಯ ಬಾಯಿಯ ಭಾಗವಾಗಿದ್ದವು.

ಕನ್ನಡನಾಡಿನಲ್ಲಿ ಒಳ್ಳೆಯ ಸ್ಪೀಕರಿನಲ್ಲಿ ಸಂಗೀತ ಕೇಳುವ ಹವ್ಯಾಸದ ಕಥೆಯನ್ನು ಅರಮನೆಯಿಂದ ಶುರು ಮಾಡಬಹುದು. ಮೈಸೂರಿನ ಜಯಚಾಮರಾಜ ಒಡೆಯರ್ ವಾಗ್ಗೇಯಕಾರರಷ್ಟೇ ಅಲ್ಲ, ಪಾಶ್ಚಾತ್ಯ ಸಂಗೀತದ ಪಕ್ಕಾ ರಸಿಕರು. 1940ರ ದಶಕದ ಕೊನೆಯಲ್ಲಿ ಅವರ ಅತಿಥಿಯಾಗಿ ಬಂದ ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಅಲ್ಲಿ ಕಂಡದ್ದು ಭಾರಿ ರೆಕಾರ್ಡ್ ಸಂಗ್ರಹ, ಹಲವು ಪಿಯಾನೊಗಳು, ಜೊತೆಗೆ ಬಗೆಬಗೆಯ ಧ್ವನಿವರ್ಧಕಗಳ ಸಾಲು. ಒಂದೇ ರೆಕಾರ್ಡನ್ನು ಬೇರೆ ಬೇರೆ ಸ್ಪೀಕರಿನಲ್ಲಿ ಕೇಳಿ ನೋಡಲು ಅಂಥ ಅನುಕೂಲ ಆ ಕಾಲದಲ್ಲಿ ಲಂಡನ್ನಿನಲ್ಲೂ ಎಷ್ಟು ಜನಕ್ಕೆ ಇದ್ದೀತು! ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ರೆಕಾರ್ಡಾಗಿ ಉಳಿದದ್ದು ಒಡೆಯರ ಹಣದಿಂದ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ನುಡಿದಾಗ, ಆ ಕಛೇರಿ ಮುದ್ರಣಗೊಂಡು ಮೈಸೂರಿಗೆ ಬರಲೆಂದು ಅವರು ಖರ್ಚಿಗೆ ಹೊಣೆ ನಿಂತರು. ಸುಮಾರು 20,000 ರೆಕಾರ್ಡುಗಳಿದ್ದ ಸಂಗ್ರಹ ಅದು ಎಂಬ ಅಂದಾಜಿದೆ.

ಅದೆಲ್ಲ ಒಂದೇ ಸ್ಪೀಕರಿನ ಮೋನೊ ಕಾಲ. 1958ರ ಹೊತ್ತಿಗೆ ಸ್ಟೀರಿಯೊ ರೆಕಾರ್ಡುಗಳು ಅಂಗಡಿಗೆ ಬಂದವು. ಒಂದಿದ್ದಲ್ಲಿ ಎರಡು ಬೇಕಾದಾಗ ಬೀರುವಿನಂಥ ಪೆಟ್ಟಿಗೆಗೆ ಮನೆಯಲ್ಲಿ ಜಾಗವೆಲ್ಲಿ? ಚಿಕ್ಕ ಪೆಟ್ಟಿಗೆಯಿಂದಲೂ ತಗ್ಗಿನ ಸ್ವರ ತೆಗೆಯಬಹುದೆಂದು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲೇ ತೋರಿಸಿದ್ದರು. ಮುಂದೆ ಆಸ್ಟ್ರೇಲಿಯದ ನೆವಿಲ್ ಥೀಲ್ ಮತ್ತು ಅಲ್ಲೇ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ ಪೆಟ್ಟಿಗೆಯ ಗಾತ್ರವನ್ನು ಲೆಕ್ಕ ಹಾಕಿ ನಿರ್ಧರಿಸುವ ಸೂತ್ರ ಕೊಟ್ಟರು. ಕಿರಿದಾದ ಮುಖ, ಆಳವಾದ ಒಡಲಿನ ಈಗಿನ ಟವರ್ ಇವೆಲ್ಲದರ ಫಲ.

ಭಾರತದಲ್ಲಿ ಬಹುಕಾಲ ಆಮದಿಗೆ ಬಿಗಿ ಕಟ್ಟುಪಾಡಿತ್ತು. ವಿದೇಶಿ ಜೋಡಿ ಬೇಕೆಂದರೆ ಹೊರದೇಶದಲ್ಲಿದ್ದ ನೆಂಟರೇ ತರಬೇಕಿತ್ತು. ಕೋಲ್ಕತ್ತದ ಸೋನೋಡೈನ್ 1970ರಿಂದ ಇಲ್ಲಿಯದೇ ಸ್ಪೀಕರ್ ಕೊಟ್ಟಿತು. ಕೊಚ್ಚಿಯ ರೆಥ್ಮ್ ಕಹಳೆಮಾದರಿಯ ಟವರುಗಳನ್ನು ಹೊರದೇಶಗಳಿಗೂ ಕಳಿಸಿತು.

ದುಬಾರಿ ಟವರುಗಳನ್ನು ಹೋಲಿಸುವಾಗ ಎಡವುವುದು ಕೋಣೆಯಲ್ಲಿ. ದಾವಣಗೆರೆ, ಹರಿಹರ, ಭಾನುವಳ್ಳಿ, ಎಲ್ಲಿಯೇ ಆಗಲಿ, ಆರ್‌ಸಿಸಿ ತಾರಸಿ, ಗಾರೆ ಗೋಡೆ, ಗ್ರಾನೈಟ್ ನೆಲದ ಹಾಲಿನಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಗುಂಯ್‌ಗುಡುತ್ತದೆ. ನಾಲ್ಕು ಮೀಟರ್ ಉದ್ದದ ಕೋಣೆ 43 ಹರ್ಟ್ಸ್ ಸುಮಾರಿನ ಸ್ವರವನ್ನು ತಾನಾಗಿಯೇ ಉಬ್ಬಿಸುತ್ತದೆ. ದೊಡ್ಡ ವೂಫರ್ ಅಲ್ಲಿ ಗುಣಕ್ಕಿಂತ ಕಾಟವೇ ಹೆಚ್ಚು. ಇನ್ನೊಂದು ಮೋಸ ಕಣ್ಣಿನದು. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪೀಕರುಗಳನ್ನು ಪರದೆಯ ಹಿಂದಿಟ್ಟಾಗ ಕೇಳುಗರು ಕೊಟ್ಟ ಅಂಕಗಳು ನೋಡಿ ಕೊಟ್ಟ ಅಂಕಗಳಿಗಿಂತ ಬೇರೆಯಾದವು. ಕೊಂಚ ಜೋರಾಗಿ ನುಡಿಯುವ ಪೆಟ್ಟಿಗೆಯೇ ಚೆಂದವೆನಿಸುವುದೂ ಉಂಟು.

ಆದ್ದರಿಂದ ಎರಡು ಜೋಡಿಯನ್ನೂ ಒಂದೇ ಜಾಗದಲ್ಲಿಟ್ಟು, ಸದ್ದನ್ನು ಮೀಟರಿನಿಂದ ಸಮ ಮಾಡಿ, ಚೆನ್ನಾಗಿ ಗೊತ್ತಿರುವ ದನಿಯನ್ನು, ಗಂಗೂಬಾಯಿ ಹಾನಗಲ್ ಅವರದೇ ಆಗಬಹುದು, ಹಾಕಿ ಕೇಳಬೇಕು. ಬೆಲೆಯ ಚೀಟಿ ನೋಡುವ ಮೊದಲು ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಪರದೆ ಹಾಕಿಸುವುದು ಲೇಸು.