ರೀಲು ಬದಲಿಸುವ ಹೊತ್ತು

16 ಎಂಎಂ ಫಿಲ್ಮಿನ ದೊಡ್ಡ ರೀಲಿಗೆ 1600 ಅಡಿ ಸುತ್ತಬಹುದು. ಪ್ರೊಜೆಕ್ಟರಿನಲ್ಲಿ ಅದು ನಿಮಿಷಕ್ಕೆ 36 ಅಡಿಯಂತೆ ಓಡುತ್ತದೆ. ಅಲ್ಲಿಗೆ ಒಂದು ರೀಲು ಮುಗಿಯಲು ಸುಮಾರು 44 ನಿಮಿಷ. ಥಿಯೇಟರುಗಳಲ್ಲಿ ಎರಡೆರಡು ಪ್ರೊಜೆಕ್ಟರು ಇರುತ್ತಿದ್ದವು. ಒಂದು ನಿಲ್ಲುವಷ್ಟರಲ್ಲಿ ಇನ್ನೊಂದು ಶುರುವಾಗಿ, ನೋಡುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಮ್ಮ ಹತ್ತಿರ ಇದ್ದದ್ದು ಒಂದೇ. ಹಾಗಾಗಿ ಮುಕ್ಕಾಲು ಗಂಟೆಗೊಮ್ಮೆ ಲೈಟು ಹಾಕಬೇಕು, ಮುಗಿದ ರೀಲು ಇಳಿಸಬೇಕು, ಹೊಸದನ್ನು ಏರಿಸಿ ಹಲ್ಲುಚಕ್ರಗಳ ನಡುವೆ ಪೋಣಿಸಬೇಕು. ಐದು ನಿಮಿಷದ ಕೆಲಸ, ಕೈ ತಪ್ಪಿದರೆ ಹತ್ತು. ಮಲೆನಾಡಿನ ಸಣ್ಣ ಊರುಗಳಲ್ಲಿ ಚಿತ್ರೋತ್ಸವವೆಂಬುದು ಬೆಳೆದದ್ದೇ ಈ ಬಿಡುವಿನಲ್ಲಿ ಎಂಬುದು ನನ್ನ ವಾದ. ಜೊತೆಗೆ ದುಡಿದ ಗೆಳೆಯರು ಒಪ್ಪುವುದಿಲ್ಲ. ಒಳ್ಳೆಯ ಸಿನಿಮಾ ಬಂತು, ಜನ ನೋಡಿದರು, ಅಷ್ಟೇ ಎನ್ನುತ್ತಾರೆ ಅವರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಊರಲ್ಲಿ ಫಿಲ್ಮ್ ಸೊಸೈಟಿ ಶುರುಮಾಡಿದವರು ಕನ್ನಡ ಮೇಷ್ಟ್ರು, ಬ್ಯಾಂಕಿನ ಇಬ್ಬರು ಗುಮಾಸ್ತರು, ಒಬ್ಬ ವಕೀಲರು. ಲೆನ್ಸು, ಬಲ್ಬು, ಮೋಟಾರು ಎಂದರೆ ವಿಜ್ಞಾನದ ಮೇಷ್ಟ್ರ ಖಾತೆ ಎಂದು ಅವರೇ ತೀರ್ಮಾನಿಸಿ ನನ್ನನ್ನು ಪ್ರೊಜೆಕ್ಟರಿನ ಪಕ್ಕ ನಿಲ್ಲಿಸಿದರು. ಹೀಗಾಗಿ ನಾನು ಸಿನಿಮಾ ನೋಡಿದ್ದಕ್ಕಿಂತ ಸಿನಿಮಾ ನೋಡುವವರನ್ನು ನೋಡಿದ್ದೇ ಹೆಚ್ಚು.

ನಮಗೆಲ್ಲ ಮಾದರಿ ಹೆಗ್ಗೋಡು. ಸಾಗರದ ಪಕ್ಕದ ಈ ಅಡಿಕೆ ತೋಟದ ಹಳ್ಳಿಯಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಜನ ಇಂದು ನೀನಾಸಂ ಎಂದರೆ ನಾಟಕ, ತಿರುಗಾಟ ಎನ್ನುತ್ತಾರೆ. ಆದರೆ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ, ಊರೂರು ಸುತ್ತುವ ತಿರುಗಾಟದ ತಂಡ ಹೊರಟದ್ದು 1985ರಲ್ಲಿ. ಚಿತ್ರಸಮಾಜ ಅವೆರಡಕ್ಕಿಂತ ಮೊದಲು, 1973ರಲ್ಲಿ. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಒಂದು ಹಟವಿತ್ತು: ಜಗತ್ತಿನ ಅತ್ಯುತ್ತಮವಾದದ್ದು ಹೆಗ್ಗೋಡಿಗೆ ಯಾಕೆ ಬರಬಾರದು? ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹದ್ದೂರ್, ಅಲ್ಲೇ ಪಕ್ಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಈ ಹಟಕ್ಕೆ ಜೊತೆಯಾದರು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಹೆಗ್ಗೋಡಿನಲ್ಲಿ ಚಿತ್ರೋತ್ಸವ ನಡೆದಿತ್ತು. ಆಮೇಲೆ ಚಲನಚಿತ್ರ ರಸಗ್ರಹಣ ಶಿಬಿರಗಳು. ತೋಟದಿಂದ ನೇರ ಬಂದವರು ಕುರೊಸಾವಾ, ಡಿ ಸಿಕಾ, ಸತ್ಯಜಿತ್ ರಾಯ್ ಇವರ ಚಿತ್ರಗಳನ್ನು ನೋಡಿದರು. ನಾಯರ್ ಅವರ ಮೇಲೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರೇ ಆ ದಿನಗಳನ್ನು ನೆನೆಯುತ್ತಾರೆ. ಎಂಬತ್ತರ ದಶಕದ ಮೊದಲ ಭಾಗದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯಡಿ ಇದೇ ಚಿತ್ರಗಳು, ನಾಟಕ ಶಿಬಿರಗಳು ಹೆಗ್ಗೋಡಿನಿಂದ ಹೊರಟು ಕರ್ನಾಟಕದ ಬೇರೆ ಹಳ್ಳಿಗಳಿಗೂ ಹೋದವು.

ಈ ಚಿತ್ರಸಮಾಜದ ಹಿಂದಿನ ಎಳೆ ದೂರದ್ದು. ಕಲ್ಕತ್ತಾ ಫಿಲ್ಮ್ ಸೊಸೈಟಿ 1947ರದ್ದು. ದೇಶದ ಸೊಸೈಟಿಗಳೆಲ್ಲ ಸೇರಿ ಒಕ್ಕೂಟ ಕಟ್ಟಿಕೊಂಡದ್ದು 1959ರಲ್ಲಿ, ಅಧ್ಯಕ್ಷರು ಸತ್ಯಜಿತ್ ರಾಯ್. ಬೆಂಗಳೂರಿನಲ್ಲಿ ‘ಸುಚಿತ್ರ’ 1971ರಲ್ಲಿ ಶುರುವಾಯಿತು. ಒಕ್ಕೂಟದ ಸೊಸೈಟಿಗಳು ಸದಸ್ಯರಿಗೆ ಮಾತ್ರ ತೋರಿಸುವ ಷರತ್ತಿನ ಮೇಲೆ ಸೆನ್ಸಾರ್ ಆಗದ ವಿದೇಶಿ ಚಿತ್ರ ತರಿಸಬಹುದಿತ್ತು. ಈ ಒಂದು ನಿಯಮದಿಂದ ನಮಗೆ ಆದ ಉಪಕಾರ ಅಷ್ಟಿಷ್ಟಲ್ಲ. ‘ಸೆನ್ಸಾರ್ ಆಗದ್ದಂತೆ’ ಎಂಬ ಮಾತು ಊರಲ್ಲಿ ಹಬ್ಬಿದ್ದೇ ತಡ, ಅದುವರೆಗೆ ಸಭೆ ಸಮಾರಂಭಕ್ಕೆ ತಲೆ ಹಾಕದಿದ್ದ ಗಣ್ಯರೂ ಸದಸ್ಯತ್ವದ ರಸೀದಿ ಹರಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ನಾವು ಹಾಕಿದ್ದು ಬರ್ಗ್‌ಮನ್‌ನ ‘ವೈಲ್ಡ್ ಸ್ಟ್ರಾಬೆರೀಸ್’. ಎಂಬತ್ತರ ಸಮೀಪದ ಪ್ರೊಫೆಸರೊಬ್ಬರು ಕಾರಿನಲ್ಲಿ ಕೂತು ಹಳೆಯದನ್ನೆಲ್ಲ ನೆನೆಸಿಕೊಳ್ಳುವ ಕಥೆ. ಮೊದಲ ರೀಲು ಮುಗಿದು ಲೈಟು ಹಾಕಿದಾಗ ಮುಂದಿನ ಸಾಲು ಬಹುಪಾಲು ಖಾಲಿ. ಅವರ ಚಂದಾ ಹಣದಲ್ಲೇ ಮುಂದಿನ ಚಿತ್ರಗಳ ಪಾರ್ಸೆಲ್ ಖರ್ಚು ನಡೆಯಿತು.

ಪಾರ್ಸೆಲ್ ಎಂದೆ. ಹೊರಗಿನವರು ಕೇಳುವ ಮೊದಲ ಪ್ರಶ್ನೆ, ‘ಚಿತ್ರಗಳನ್ನು ಯಾರು ಆರಿಸುತ್ತಿದ್ದರು?’ ಆರಿಸುತ್ತಿದ್ದದ್ದು ಫಿಲ್ಮಿನ ಪೆಟ್ಟಿಗೆ. ಪುಣೆಯ ಸಂಗ್ರಹಾಲಯಕ್ಕೆ ನಾವು ಹತ್ತು ಹೆಸರು ಬರೆದರೆ ಅದರಲ್ಲಿ ಯಾವ ಪ್ರಿಂಟು ಆ ವಾರ ಬೇರೆ ಊರಿಗೆ ಹೋಗಿಲ್ಲವೋ ಅದು ಸಿಕ್ಕುತ್ತಿತ್ತು. ರೈಲಿನಲ್ಲಿ ಬೀರೂರಿಗೆ ಬಂದು, ಅಲ್ಲಿಂದ ಶಿವಮೊಗ್ಗಕ್ಕೆ. ಶಿವಮೊಗ್ಗದಿಂದ ನಾನೋ ಬ್ಯಾಂಕಿನವರೋ ಬಸ್ಸಿನ ಟಾಪಿಗೆ ಹಾಕಿಸಿ ತರುತ್ತಿದ್ದೆವು. ಮಳೆಗಾಲದಲ್ಲಿ ಟಾಪಿಗೆ ಹಾಕುವ ಹಾಗಿಲ್ಲ. ಡ್ರೈವರ್ ಹಿಂದಿನ ಸೀಟಿನ ಕೆಳಗೆ ತೂರಿಸಿ, ಅದರ ಮೇಲೆ ಕಾಲಿಟ್ಟುಕೊಂಡು ಬರಬೇಕು. ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದ ದಿನಗಳುಂಟು.

ಅಂಥ ಒಂದು ಪೆಟ್ಟಿಗೆಯಲ್ಲಿ ‘ರಾಶೊಮಾನ್’ ಬಂತು. ಕುರೊಸಾವಾನ 1950ರ ಚಿತ್ರ, ಮರುವರ್ಷ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದದ್ದು. ಕಾಡಿನಲ್ಲಿ ಒಂದು ಸಾವು. ಕಳ್ಳ, ಹೆಂಡತಿ, ಸತ್ತವನ ಪ್ರೇತ, ಕಟ್ಟಿಗೆ ಕಡಿಯುವವನು ಒಬ್ಬೊಬ್ಬರದೂ ಒಂದೊಂದು ಹೇಳಿಕೆ. ಕನ್ನಡ ಮೇಷ್ಟ್ರು ಎರಡು ಹಾಳೆ ಸಾರಾಂಶ ಬರೆದು, ಸತ್ಯ ಸಾಪೇಕ್ಷ ಎಂದೆಲ್ಲ ಮೈಕಿನಲ್ಲಿ ವಿವರಿಸಿದರು. ಅದರ ಅಗತ್ಯವೇ ಇರಲಿಲ್ಲ. ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚಿನಲ್ಲಿ ಜಾರಿಗೆ ಬಂದು, ಗೇಣಿದಾರರು ಫಾರಂ ನಂಬರ್ 7 ಹಾಕಿ, ತಾಲ್ಲೂಕು ಭೂ ನ್ಯಾಯಮಂಡಳಿಗಳ ಮುಂದೆ ವರ್ಷಗಟ್ಟಲೆ ವಿಚಾರಣೆ ನಡೆದ ಕಾಲವದು. 1951ರ ಗೇಣಿದಾರರ ಕಾಗೋಡು ಸತ್ಯಾಗ್ರಹ ಕಂಡ ಸೀಮೆ ನಮ್ಮದು. ಗೇಣಿಯ ಲೆಕ್ಕ ಮೊದಲೇ ನೆತ್ತಿಗೇರಿತ್ತು. ಒಂದೇ ಗದ್ದೆಯನ್ನು ‘ನಾನೇ ಉಳುತ್ತಿದ್ದೆ’ ಎನ್ನುವ ಇಬ್ಬರು, ‘ಇಬ್ಬರೂ ಉಳುತ್ತಿರಲಿಲ್ಲ, ನಾನೇ ಮಾಡಿಸುತ್ತಿದ್ದೆ’ ಎನ್ನುವ ಒಡೆಯರು, ಮೂವರನ್ನೂ ನೋಡಿದ್ದೇನೆ ಎನ್ನುವ ಸಾಕ್ಷಿ. ಇವರಲ್ಲಿ ಕೆಲವರು ನಮ್ಮ ಸಭಾಂಗಣದಲ್ಲೇ ಕೂತಿದ್ದರು, ಆಚೆ ಬದಿಗೊಬ್ಬರು ಈಚೆ ಬದಿಗೊಬ್ಬರು.

ಮೊದಲ ರೀಲು ಮುಗಿದಾಗ ಕಳ್ಳನ ಹೇಳಿಕೆಯೇ ಸರಿ ಎಂದು ಒಂದು ಗುಂಪು ನಿಂತಿತು. ನಾನು ಫಿಲ್ಮ್ ಪೋಣಿಸುತ್ತಿದ್ದೆ. ಲೆನ್ಸಿನ ಹಿಂದಿನ ಗೇಟಿನ ಮೇಲೊಂದು ಕೆಳಗೊಂದು ಸಡಿಲು ಸುತ್ತು ಬಿಡಬೇಕು, ಅದಕ್ಕೆ ಲೂಪ್ ಎನ್ನುತ್ತೇವೆ. ಫಿಲ್ಮು ಗೇಟಿನಲ್ಲಿ ನಿಂತು ನಿಂತು ಸಾಗುತ್ತದೆ, ಚಕ್ರಗಳಲ್ಲಿ ನಿಲ್ಲದೆ ಸಾಗುತ್ತದೆ; ಎರಡಕ್ಕೂ ಹೊಂದಿಸುವುದು ಆ ಸಡಿಲು. ಅದು ಕಮ್ಮಿಯಾದರೆ ತೂತು ಹರಿದು ಚಿತ್ರ ಕುಣಿಯುತ್ತದೆ. ಅಂದು ಬೇಕೆಂದೇ ಎರಡು ಸಲ ಬಿಚ್ಚಿ ಪೋಣಿಸಿದೆ, ಮಾತು ಅಷ್ಟು ಚೆನ್ನಾಗಿ ಏರಿತ್ತು. ಅಡಿಕೆ ಮಂಡಿಯ ವೃದ್ಧರೊಬ್ಬರು ಎದ್ದು, ‘ಮಾಷ್ಟ್ರೇ, ಕಳ್ಳನ ಹೇಳಿಕೆ ಆಯ್ತು, ಆದರೆ ಆ ಹೆಂಡತಿಯ ಬೆಲೆಬಾಳೋ ಚೂರಿ ಎಲ್ಲಿ ಹೋಯ್ತು ಅಂತ ಯಾರೂ ಕೇಳ್ಲಿಲ್ಲಲ್ಲ?’ ಎಂದರು. ಚಿತ್ರ ನೋಡಿದವರಿಗೆ ಗೊತ್ತು, ಕೊನೆಯಲ್ಲಿ ಎಲ್ಲ ತಿರುಗುವುದು ಆ ಚೂರಿಯ ಮೇಲೆಯೇ. ಪೂರ್ತಿ ಚಿತ್ರ ಒಂದೇ ಉಸಿರಿಗೆ ಓಡಿದ್ದರೆ ಅವರು ಆ ಮಾತು ಆಡುತ್ತಿದ್ದರೆಂದು ನನಗನಿಸುವುದಿಲ್ಲ. ಚಿತ್ರ ಮುಗಿದ ಮೇಲೆ ಆಡುವ ಮಾತು ತೀರ್ಪಿನ ಮಾತು. ನಡುವೆ ಆಡುವುದು ಅನುಮಾನದ ಮಾತು. ಕನ್ನಡ ಮೇಷ್ಟ್ರಿಗೆ ಮೊದಲನೆಯದು ಇಷ್ಟ, ನನಗೆ ಎರಡನೆಯದು.

ಇಷ್ಟಾದರೂ ಒಂದು ವಿಚಿತ್ರವಿತ್ತು. ಜಪಾನಿನ, ಇಟಲಿಯ ಚಿತ್ರ ಸಿಕ್ಕಷ್ಟು ಸುಲಭವಾಗಿ ನಮಗೆ ಕನ್ನಡದ ಹೊಸ ಚಿತ್ರಗಳು ಸಿಕ್ಕುತ್ತಿರಲಿಲ್ಲ. 1970ರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿ ಶೃಂಗೇರಿ ಸಮೀಪದ ಊರಲ್ಲಿ ಚಿತ್ರಿಸಿದರು, ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯದ ಟಾಮ್ ಕೋವನ್. ಸೆನ್ಸಾರಿನವರು ಮೊದಲು ತಡೆದರು. ಬಿಡುಗಡೆಯಾದ ಮೇಲೆ ಸ್ವರ್ಣಕಮಲ ಬಂತು. ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು ಮಾಡಿದ ‘ಚೋಮನ ದುಡಿ’ಗೆ 1975ರ ಸ್ವರ್ಣಕಮಲ, 1977ರದ್ದು ‘ಘಟಶ್ರಾದ್ಧ’ಕ್ಕೆ. ಎಂಟು ವರ್ಷದಲ್ಲಿ ಮೂರು ಸಲ ದೇಶದ ಅತ್ಯುತ್ತಮ ಚಿತ್ರ ಕನ್ನಡದ್ದು. ಮೂರೂ ಸ್ಟುಡಿಯೋದ ಹಂಗಿಲ್ಲದೆ, ಸ್ಟಾರುಗಳಿಲ್ಲದೆ, ಸಣ್ಣ ಹಣದಲ್ಲಿ ಮಾಡಿದವು. ದೊಡ್ಡ ಊರುಗಳಲ್ಲಿ ಇಂಥವಕ್ಕೆ ಸಿಕ್ಕುತ್ತಿದ್ದದ್ದು ಹೆಚ್ಚೆಂದರೆ ಬೆಳಗಿನ ಆಟ. ನಮ್ಮಂಥ ಊರಿಗೆ ಅದೂ ಇಲ್ಲ. ಪ್ರಿಂಟು 35 ಎಂಎಂ, ನಮ್ಮ ಮಶೀನಿಗೆ ಹೊಂದದು.

ಹಾಗಾಗಿ ಊರಿನ ಟಾಕೀಸಿನ ಮಾಲೀಕರ ಹತ್ತಿರ ಹೋದೆವು. ಟೆಂಟಿನಲ್ಲಿ ಶುರುಮಾಡಿ ಆಮೇಲೆ ಗೋಡೆ ಕಟ್ಟಿಸಿದವರು ಅವರು. ‘ಘಟಶ್ರಾದ್ಧ’ ಎಂಬ ಹೆಸರು ಕೇಳಿಯೇ ಮುಖ ಕಿವುಚಿದರು. ‘ಎಂಥ ಹೆಸರು ಮಾರಾಯ್ರೇ, ಬೆಳಗಾಗೆದ್ದು ಶ್ರಾದ್ಧ! ಹಾಡೈತಾ?’ ಇಲ್ಲ. ‘ಫೈಟು?’ ಇಲ್ಲ. ‘ಕಲರ್ರಾ?’ ಕಪ್ಪು ಬಿಳುಪು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾಡಿದವರು ನಮ್ಮ ಕಡೆಯೋರಾ?’ ಎಂದು ಕೇಳಿದರು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು, ಸುಬ್ಬಣ್ಣನವರ ಸೋದರಳಿಯ ಎಂದೆವು. ಕೊನೆಗೆ ಭಾನುವಾರ ಬೆಳಿಗ್ಗೆ ಕೊಟ್ಟರು, ಬಾಡಿಗೆ ಬೇಡ, ಕರೆಂಟಿನ ದುಡ್ಡು ಮಾತ್ರ ಎಂದು.

ಗಿರೀಶ ಕಾಸರವಳ್ಳಿಯವರ ಆ ಮೊದಲ ಚಿತ್ರದಲ್ಲಿ ವೇದಪಾಠಶಾಲೆಯ ಹುಡುಗ ನಾಣಿಯ ಕಣ್ಣಿನಿಂದ ಯಮುನಾ ಎಂಬ ವಿಧವೆಯ ಬದುಕು ಮುರಿಯುವುದನ್ನು ನೋಡುತ್ತೇವೆ. ಬದುಕಿದ್ದವಳಿಗೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಅಂದು ಟಾಕೀಸಿಗೆ ಅಗ್ರಹಾರದ ಕೇರಿಯ ಹೆಂಗಸರೂ ಬಂದಿದ್ದರು, ಕೆಲವರು ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದವರು. ನಾವು ಕರೆದಿರಲಿಲ್ಲ, ಮಾಲೀಕರ ತಾಯಿ ಕರೆತಂದಿದ್ದರು. ಟಾಕೀಸಿನಲ್ಲಿ ಎರಡು ಪ್ರೊಜೆಕ್ಟರು, ಇಂಟರ್ವಲ್ ಒಂದೇ. ಆ ಇಂಟರ್ವಲ್ಲಿನಲ್ಲಿ ಗಂಡಸರು ಹೊರಗೆ ಹೋಗಿ ಶಾಸ್ತ್ರ ಚರ್ಚೆ ಮಾಡಿದರು, ಘಟಶ್ರಾದ್ಧ ಹೀಗೆಯೋ ಹಾಗೆಯೋ ಎಂದು. ಒಳಗೆ ಹೆಂಗಸರು ಕೂತೇ ಇದ್ದರು. ಅವರಲ್ಲೊಬ್ಬರು ನನ್ನನ್ನು ಕರೆದು, ‘ಮುಂದೆ ಆ ಹುಡುಗನ್ನ ಅವಳ ಹತ್ರ ಬಿಡ್ತಾರನಾ?’ ಎಂದು ಕೇಳಿದರು. ಬಿಡುವುದಿಲ್ಲ ಎಂದು ಗೊತ್ತಿತ್ತು. ನೀವೇ ನೋಡಿ ಅಮ್ಮ ಎಂದೆ. 2024ರಲ್ಲಿ ಈ ಚಿತ್ರದ ನವೀಕರಿಸಿದ ಪ್ರತಿ ವೆನಿಸ್ ಉತ್ಸವದಲ್ಲಿ ಪ್ರದರ್ಶನ ಕಂಡಿತೆಂದು ಪತ್ರಿಕೆಯಲ್ಲಿ ಓದಿದಾಗ ನನಗೆ ನೆನಪಾದದ್ದು ನಿರ್ದೇಶಕರಲ್ಲ, ಆ ಪ್ರಶ್ನೆ.

ವಿಡಿಯೋ ಕ್ಯಾಸೆಟ್ಟಿನ ಕಾಲದ ಬಗ್ಗೆ ಹೇಳುವಂಥದ್ದು ಕಡಿಮೆ. ಟಿವಿ ಮನೆಗಳಿಗೆ ಬಂತು, ಭಾನುವಾರ ಮಧ್ಯಾಹ್ನ ದೂರದರ್ಶನವೇ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರ ತೋರಿಸತೊಡಗಿತು, ನಮ್ಮ ಸದಸ್ಯತ್ವ ಕರಗಿತು. ಆಮೇಲೆ ಡಿವಿಡಿ. ಪೆಟ್ಟಿಗೆ ಅಂಗಿ ಜೇಬಿಗೆ ಬಂತು ಎಂದು ಖುಷಿಪಟ್ಟೆವು. ಏನು ಬೇಕಾದರೂ ಸಿಗುವಂತಾದದ್ದೇ ತಡ, ಸಮಿತಿಯಲ್ಲಿ ಜಗಳ ಶುರು: ಇರಾನಿನದೋ, ಕೊರಿಯಾದ್ದೋ? ಪೆಟ್ಟಿಗೆ ಆರಿಸುತ್ತಿದ್ದಾಗ ಈ ತಕರಾರೇ ಇರಲಿಲ್ಲ. ಕೆಲವು ವರ್ಷ ಸೊಸೈಟಿ ಹೆಸರಿಗಷ್ಟೇ ಇತ್ತು.

ಮತ್ತೆ ಜೀವ ಬಂದದ್ದು ಸಿನಿಮಾ ಮಾಡುವ ಹೊಸ ಹುಡುಗರಿಂದ. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಅದರಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಯವರು, ಮೊದಲು ಕ್ಯಾಮೆರಾ ಕಂಡವರಲ್ಲ. ಉತ್ತರ ಕನ್ನಡದ ನಟೇಶ ಹೆಗಡೆ ತಮ್ಮ ಊರಲ್ಲೇ, ತಮ್ಮ ತಂದೆಯವರನ್ನೇ ಮುಖ್ಯ ಪಾತ್ರಕ್ಕಿಟ್ಟು ‘ಪೆದ್ರೊ’ ಮಾಡಿ 2021ರಲ್ಲಿ ಬೂಸಾನ್ ಚಿತ್ರೋತ್ಸವಕ್ಕೆ ಒಯ್ದರು. ಮರುವರ್ಷ ಅದೇ ಬೂಸಾನ್‌ನಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ನಿಗೆ ಪ್ರಶಸ್ತಿ, ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಅಲ್ಲಿಯವರನ್ನೇ ಇಟ್ಟುಕೊಂಡು ತೆಗೆದದ್ದು. ಅದು ನಮ್ಮ ಥಿಯೇಟರುಗಳಿಗೆ ಬಂದದ್ದು 2024ರಲ್ಲಿ. ಹಿಂದೆ ಜಗತ್ತು ಬೀರೂರಿಗೆ ಬಂದಿಳಿಯುತ್ತಿತ್ತು. ಈಗ ನಮ್ಮ ಊರುಗಳು ಜಗತ್ತಿಗೆ ಹೋಗುತ್ತವೆ, ವಾಪಸು ಬರುವ ದಾರಿಯಲ್ಲೇ ತಡ. ಆ ತಡದ ಜಾಗದಲ್ಲಿ ಈಗಿನ ಸಣ್ಣ ಉತ್ಸವಗಳು ನಿಂತಿವೆ, ನಮ್ಮದೂ ಒಂದು: ಕಾಲೇಜಿನ ಸಭಾಂಗಣ, ಕಿಟಕಿಗಳಿಗೆ ಕಪ್ಪು ಬಟ್ಟೆ, ಬಾಡಿಗೆಯ ಪ್ರೊಜೆಕ್ಟರು. ನಿರ್ದೇಶಕರು ಪಾಸ್‌ವರ್ಡ್ ಇರುವ ಲಿಂಕ್ ಕಳಿಸುತ್ತಾರೆ, ಇಲ್ಲವೇ ತಾವೇ ರಾತ್ರಿ ಬಸ್ಸಿಗೆ ಬಂದು ಪೆನ್‌ಡ್ರೈವ್ ಕೈಗಿಡುತ್ತಾರೆ. ಬೋರ್ಡಿನ ಮೇಲೆ ಹೆಸರು ದೊಡ್ಡದಾಗಿ ಬರೆದಿದ್ದೇವೆಯೇ ಎಂದು ನೋಡುವವರೂ ಉಂಟು, ಕುರ್ಚಿ ಜೋಡಿಸಲು ಕೈ ಹಾಕುವವರೂ ಉಂಟು.

ಕಳೆದ ಉತ್ಸವದಲ್ಲಿ ಸಮಿತಿಯ ಮುಂದೆ ನನ್ನದೊಂದು ಸೂಚನೆ ಇಟ್ಟೆ: ಪ್ರತಿ ಚಿತ್ರವನ್ನೂ 44ನೇ ನಿಮಿಷಕ್ಕೆ ನಿಲ್ಲಿಸಿ, ಲೈಟು ಹಾಕಿ, ಹತ್ತು ನಿಮಿಷ ಬಿಡೋಣ. ಬಂದಿದ್ದ ಯುವ ನಿರ್ದೇಶಕರು ಹೌಹಾರಿದರು. ‘ಸರ್, ನನ್ನದು ಒಂದೇ ಲಯದ ಚಿತ್ರ, ನಡುವೆ ಕಡಿದರೆ ಸತ್ತೇ ಹೋಗುತ್ತದೆ’ ಎಂದರು. ರಾಶೊಮಾನ್ ಸತ್ತಿರಲಿಲ್ಲ ಎಂದೆ. ಕೈ ಎತ್ತಿಸಿದಾಗ ನನ್ನ ಕಡೆ ನಾನೊಬ್ಬನೇ. ಕೊನೆಗೆ ಚಿತ್ರ ಮುಗಿದ ಮೇಲೆ ಚಹಾ, ಚಹಾದ ಜೊತೆ ಸಂವಾದ ಎಂದಾಯಿತು. ಆದರೆ ಹಳ್ಳಿಗಳ ಕಡೆ ಹೋಗುವ ಕೊನೆಯ ಬಸ್ಸು ಏಳೂವರೆಗೆ. ಸಂವಾದ ಶುರುವಾಗುವಷ್ಟರಲ್ಲಿ ಅರ್ಧ ಸಭಾಂಗಣ ಚೀಲ ಹೆಗಲಿಗೇರಿಸಿ ಎದ್ದಿರುತ್ತದೆ. ಅದಕ್ಕೇ ಈ ಸಲ ಸಂಜೆಯ ಆಟವನ್ನು ನಾಲ್ಕಕ್ಕೇ ಇಟ್ಟಿದ್ದೇವೆ. ಕಾಲೇಜಿನವರು ನಾಲ್ಕರವರೆಗೆ ಕ್ಲಾಸಿದೆ ಎನ್ನುತ್ತಿದ್ದಾರೆ. ಪ್ರಿನ್ಸಿಪಾಲರ ಹತ್ತಿರ ಮಾತಾಡಬೇಕು.