ಹಳೆಯ ಕತ್ತಿ, ಶಿರಸ್ತ್ರಾಣಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಬೆಲೆ ಹೆಚ್ಚುತ್ತದೆಯೇ?

ಬಾಳೂರು, ಕಳಸದ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಅಜ್ಜನ ಕಾಲದ ಕತ್ತಿಯೋ ಹಿತ್ತಾಳೆ ಹಿಡಿಯ ಬಾಕುವೋ ಇರುವುದುಂಟು. ಆಯುಧಪೂಜೆ ಬಂದಾಗ ಅದನ್ನು ಕೆಳಗಿಳಿಸಿ, ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕುತ್ತೇವೆ. ಹೊಳೆದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆಯೂ ಇದೆ. ಇದು ನಿಜವೇ?

ಇಲ್ಲ. ತಿಕ್ಕಿದಷ್ಟೂ ವಸ್ತುವಿನ ಬೆಲೆ ಇಳಿಯುತ್ತದೆ, ಆಯುಷ್ಯವೂ ಕಡಿಮೆಯಾಗುತ್ತದೆ.

ಸಂಗ್ರಹಕಾರರು ಏನನ್ನು ನೋಡುತ್ತಾರೆ?

ಫ್ರಾನ್ಸಿನ ಅಶ್ವದಳದ ಹಳೆಯ ಶಿರಸ್ತ್ರಾಣ ಮತ್ತು ಎದೆಕವಚಗಳಿಗೆ ಸಂಗ್ರಹಕಾರರಲ್ಲಿ ದೊಡ್ಡ ಬೇಡಿಕೆಯಿದೆ. ಉಕ್ಕಿನ ಟೋಪಿ, ಅದರ ನೆತ್ತಿಯ ಮೇಲೆ ಹಿತ್ತಾಳೆಯ ಪಟ್ಟಿ, ಹಿಂದೆ ಇಳಿಬಿದ್ದ ಕುದುರೆ ಕೂದಲು ಇವುಗಳ ಗುರುತು. ಕೊಳ್ಳುವವರು ಹೊಳಪನ್ನಲ್ಲ, ಕವಚದ ಮೇಲೆ ಕೊರೆದ ಕಾರ್ಖಾನೆಯ ಹೆಸರು ಮತ್ತು ಇಸವಿಯನ್ನು ಹುಡುಕುತ್ತಾರೆ. ಈ ಅಕ್ಷರಗಳು ಆಳವಾಗಿರುವುದಿಲ್ಲ. ಮತ್ತೆ ಮತ್ತೆ ಉಜ್ಜಿದರೆ ಅಳಿಸಿಹೋಗುತ್ತವೆ.

ಪ್ಯಾರಿಸಿನ ಸೇನಾ ವಸ್ತುಸಂಗ್ರಹಾಲಯದಲ್ಲಿ 1815ರ ವಾಟರ್ಲೂ ಯುದ್ಧದ ಒಂದು ಎದೆಕವಚವಿದೆ. ಫಿರಂಗಿ ಗುಂಡು ಅದನ್ನು ಎದೆಯಿಂದ ಬೆನ್ನಿನವರೆಗೆ ತೂರಿಹೋಗಿದೆ. ಆ ತೂತಿನಿಂದಲೇ ಅದು ಜಗತ್ಪ್ರಸಿದ್ಧವಾಯಿತು. ಯಾರಾದರೂ ಅದನ್ನು ಬೆಸುಗೆ ಹಾಕಿ ಹೊಳೆಯಿಸಿದ್ದರೆ ಇಂದು ಕೇಳುವವರಿರುತ್ತಿರಲಿಲ್ಲ. ನಮ್ಮ ಟಿಪ್ಪು ಸುಲ್ತಾನನ ಆಯುಧಗಳನ್ನು ಗುರುತಿಸಲು ನೆರವಾಗುವುದೂ ಅವುಗಳ ಮೇಲಿನ ಹುಲಿಪಟ್ಟೆಯ ಕೆತ್ತನೆ, ಅಕ್ಷರಗಳೇ.

ಹುಣಸೆಹಣ್ಣು ಏನು ಮಾಡುತ್ತದೆ?

ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ ಇದೆ. ಇವು ತುಕ್ಕನ್ನು ಕರಗಿಸುವುದು ನಿಜ. ಆದರೆ ಅಷ್ಟಕ್ಕೇ ನಿಲ್ಲದೆ ಕೆಳಗಿನ ಕಬ್ಬಿಣವನ್ನೂ ತಿನ್ನುತ್ತವೆ. ಹಳೆಯ ಕಬ್ಬಿಣದ ಮೇಲೆ ಕೂತಿರುವ ಗಟ್ಟಿಯಾದ ಕಪ್ಪು ಪದರ ಒಂದು ಮಟ್ಟಿಗೆ ರಕ್ಷಾಕವಚವಿದ್ದಂತೆ. ಅದೂ ಹೋದರೆ ಬರಿ ಲೋಹಕ್ಕೆ ಗಾಳಿ, ತೇವ ನೇರವಾಗಿ ತಾಗಿ ಹೊಸ ತುಕ್ಕು ಬೇಗ ಹಿಡಿಯುತ್ತದೆ.

ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ ತೇವ ಸಿಗುವುದೇ ಅಪರೂಪ. ಕಬ್ಬಿಣ ಮತ್ತು ಹಿತ್ತಾಳೆ ಒಂದಕ್ಕೊಂದು ತಾಗಿರುವ ಕಡೆ ಅಪಾಯ ಇನ್ನೂ ಹೆಚ್ಚು: ನಡುವೆ ನೀರಿನ ತೆಳುಪದರ ಬಂದರೆ ಅದು ಪುಟ್ಟ ಬ್ಯಾಟರಿಯಾಗಿ, ಕಬ್ಬಿಣ ಬೇಗ ಸವೆಯುತ್ತದೆ. ಫ್ರೆಂಚ್ ಶಿರಸ್ತ್ರಾಣಕ್ಕೂ ನಮ್ಮ ಹಿತ್ತಾಳೆ ಹಿಡಿಯ ಕತ್ತಿಗೂ ಇದು ಒಂದೇ.

ಕೊಟ್ಟಿಗೆಯ ಮೇಲಿನ ಅಟ್ಟ ಸುರಕ್ಷಿತವೇ?

ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಅವುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಗಂಜಲದಿಂದ ಏಳುವ ಅಮೋನಿಯಾ, ತಯಾರಿಕೆಯ ವೇಳೆ ಹಿತ್ತಾಳೆಯೊಳಗೆ ಉಳಿದ ಎಳೆತ ಮತ್ತು ಮಳೆಗಾಲದ ತೇವ, ಈ ಮೂರೂ ಸೇರಿ ಬಿರುಕು ಬರುತ್ತಿತ್ತು ಎಂದು ಆಮೇಲೆ ತಿಳಿಯಿತು. ಆದ್ದರಿಂದ ಹಿತ್ತಾಳೆಯ ಹಳೆಯ ವಸ್ತುಗಳನ್ನು ದನದ ಕೊಟ್ಟಿಗೆಯ ಅಥವಾ ಗೊಬ್ಬರ ದಾಸ್ತಾನಿನ ಹತ್ತಿರ ಇಡಬಾರದು.

ಹಾಗಾದರೆ ಏನು ಮಾಡಬೇಕು?

• ಒಣ ಹತ್ತಿಬಟ್ಟೆಯಿಂದ ಧೂಳು ಒರೆಸಿ. ಬೆವರಿನ ಉಪ್ಪು ತಾಗದಂತೆ ಕೈಗವಸು ಹಾಕಿಕೊಳ್ಳಿ.
• ಕಬ್ಬಿಣಕ್ಕೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ; ಅದು ಹಳಸಿದಾಗ ಆಮ್ಲವಾಗುತ್ತದೆ.
• ಕತ್ತಿಯನ್ನು ಚರ್ಮದ ಒರೆಯಲ್ಲಿ ಬಿಡಬೇಡಿ. ಚರ್ಮ ತೇವ ಹಿಡಿದಿಡುತ್ತದೆ.
• ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ಬಿಗಿಮುಚ್ಚಳದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಆಗಾಗ ಬದಲಿಸಿ.
• ಆಯುಧಪೂಜೆಯ ಕುಂಕುಮ, ಅರಿಶಿನ, ನಿಂಬೆರಸವನ್ನು ಅಂದೇ ಒರೆಸಿ ಒಣಗಿಸಿ. ಕುಂಕುಮವನ್ನು ಪಕ್ಕದ ತಟ್ಟೆಗೆ ಇಟ್ಟರೂ ಪೂಜೆ ಪೂಜೆಯೇ.
• ತುಕ್ಕು ಪದರಪದರವಾಗಿ ಏಳುತ್ತಿದ್ದರೆ ನೀವೇ ಕೆರೆಯಬೇಡಿ. ಫೋಟೋ ತೆಗೆದು ವಸ್ತುಸಂಗ್ರಹಾಲಯದ ತಜ್ಞರಿಗೆ ತೋರಿಸಿ.

ಮಾರುವ ಮೊದಲು

1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಹಳೆಯ ಕೋವಿ ಸಿಕ್ಕಿದ್ದರೆ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ಕಪ್ಪಾಗಿದೆ ಎಂದು ಬೇಸರಪಡಬೇಡಿ. ಅಜ್ಜನ ಕತ್ತಿಯ ಮೇಲಿನ ಆ ಕಪ್ಪೂ ಅದರ ಚರಿತ್ರೆಯ ಭಾಗ. ಒಮ್ಮೆ ತಿಕ್ಕಿ ತೆಗೆದರೆ ಮತ್ತೆ ಬರುವುದಿಲ್ಲ.